ಮರಿಯಪ್ಪನ ನೀಲಿ ಪಂಚೆ

ಬೇರೆಯವರ ಕನ್ನಡಕ ಕಂಡು ಹೊಟ್ಟೆಕಿಚ್ಚು ಪಟ್ಟವರು ಲೋಕದಲ್ಲಿ ಇರಬಹುದು. ಬೇರೆಯವನ ಮೂಗಿನ ಮೇಲೆ ಕನ್ನಡಕ ಇಲ್ಲದ್ದನ್ನು ಕಂಡು ಹೊಟ್ಟೆಕಿಚ್ಚು ಪಟ್ಟವನು, ನನಗೆ ತಿಳಿದ ಮಟ್ಟಿಗೆ, ನಾನೊಬ್ಬನೇ. ಅಸೂಯೆ ದೇಹದ ಯಾವ ಭಾಗದಲ್ಲಿ ಹುಟ್ಟುತ್ತದೆ ಎಂಬ ವಿಷಯದಲ್ಲಿ ನಮ್ಮ ಹಿರಿಯರಿಗೆ ಒಮ್ಮತವಿದ್ದಂತಿಲ್ಲ. ಒಮ್ಮೆ ಹೊಟ್ಟೆಕಿಚ್ಚು ಅಂದರು, ಇನ್ನೊಮ್ಮೆ ಕಣ್ಣುರಿ ಅಂದರು. ನನ್ನದು ಮೊದಲು ಕಣ್ಣಲ್ಲಿ ಹುಟ್ಟಿ ಆಮೇಲೆ ಹೊಟ್ಟೆಗೆ ಇಳಿಯಿತು. ಹೇಗೆ ಇಳಿಯಿತೆಂಬುದನ್ನು ಮುಂದೆ ಹೇಳುತ್ತೇನೆ. ಅದರಲ್ಲಿ ಒಂದು ಸೊಪ್ಪಿನ ಕೈವಾಡವಿದೆ.

ನಾನು ಹೈಸ್ಕೂಲು ಮುಗಿಸಿದವನೇ ಬಟ್ಟೆ ಗಿರಣಿಗೆ ಸೇರಿದವನು. ಸುಮಾರು ನಲವತ್ತು ವರ್ಷ ನಾನು ಅಲ್ಲಿ ಮಾಡಿದ್ದು ಒಂದೇ ಕೆಲಸ: ತಪ್ಪು ಹುಡುಕುವುದು. ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಬಟ್ಟೆ ಹರಿದು ಹೋಗುತ್ತಿತ್ತು. ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಗಂಟು ಬಿದ್ದಿದೆ, ಎಲ್ಲಿ ಎಣ್ಣೆಯ ಚುಕ್ಕೆ ಹತ್ತಿದೆ ಎಂದು ನೋಡುತ್ತ ಕೂರಬೇಕು. ತಪ್ಪು ಕಂಡರೆ ಅದರ ನೇರಕ್ಕೆ ಅಂಚಿನಲ್ಲಿ ಒಂದು ಕೆಂಪು ನೂಲು ಕಟ್ಟಬೇಕು. ಮುಂದಿನವರು ಆ ನೂಲು ನೋಡಿ ಸರಿಪಡಿಸುತ್ತಾರೆ, ಇಲ್ಲವೇ ಕತ್ತರಿಸುತ್ತಾರೆ. ನಮ್ಮ ವಿಭಾಗದಲ್ಲಿ ಒಂದು ಅಲಿಖಿತ ನಿಯಮವಿತ್ತು. ತಪ್ಪು ಕಣ್ಣಿಗೆ ಬೀಳದೆ ಹೋದರೆ ಅದಕ್ಕೆ ಕ್ಷಮೆಯುಂಟು, ಮನುಷ್ಯನ ಕಣ್ಣು ತಾನೆ. ಕಂಡೂ ನೂಲು ಕಟ್ಟದೆ ಬಿಟ್ಟವನ ಪಕ್ಕದಲ್ಲಿ ಮಾತ್ರ ಯಾರೂ ಊಟಕ್ಕೆ ಕೂರುತ್ತಿರಲಿಲ್ಲ.

ಇಷ್ಟು ಕಾಲ ತಪ್ಪು ಹುಡುಕಿ ಸಂಬಳ ಪಡೆದವನ ಸ್ವಭಾವ ಹೇಗಿರುತ್ತದೆಂದು ನೀವೇ ಊಹಿಸಿಕೊಳ್ಳಿ. ನಿವೃತ್ತನಾದ ಮೇಲೂ ಮದುವೆ ಮನೆಗಳಲ್ಲಿ ನನಗೆ ವಧುವಿನ ಮುಖಕ್ಕಿಂತ ಮೊದಲು ಅವಳ ಸೀರೆಯ ನೆಯ್ಗೆ ದೋಷ ಕಾಣುತ್ತಿತ್ತು. "ನಿಮ್ಮನ್ನ ಕರ್ಕೊಂಡು ಹೋಗೋದೂ ಒಂದೇ, ಪೊಲೀಸಿನವರನ್ನ ಕರ್ಕೊಂಡು ಹೋಗೋದೂ ಒಂದೇ" ಎಂದು ನನ್ನ ಹೆಂಡತಿ ಹೇಳುತ್ತಿದ್ದಳು.

ಆಗ ನಾವು ವಿಜಯನಗರದಲ್ಲಿದ್ದೆವು, ಈಗಲೂ ಅಲ್ಲೇ ಇದ್ದೇವೆ. ನಮ್ಮ ಬೀದಿಯ ಕೊನೆಗೆ ಹಾಲಿನ ಬೂತು, ಅದರ ಮುಂದೆ ಹೊಂಗೆ ಮರ, ಮರದ ಬುಡದಲ್ಲಿ ಒಂದು ಕಲ್ಲುಬೆಂಚು. ಬೆಳಿಗ್ಗೆ ಹಾಲಿನ ವ್ಯಾನು ಬರುವವರೆಗೆ ನಾಲ್ಕಾರು ಮುದುಕರು ಅಲ್ಲಿ ಕೂರುತ್ತಿದ್ದೆವು. ಒಂದೇ ಪತ್ರಿಕೆ, ಅದನ್ನು ಒಬ್ಬ ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು. ಓದುವವನಿಗೆ ಬೆಂಚಿನ ಮಧ್ಯದ ಜಾಗ. ಸರ್ಕಾರ ಬಿದ್ದರೂ ನಿಂತರೂ ಅದು ಮೊದಲು ಅವನ ಬಾಯಿಂದಲೇ ಆಗಬೇಕು. ಆ ಗದ್ದುಗೆಯ ಮೇಲೆ ನಾನು ಎರಡು ವರ್ಷ ಕೂತಿದ್ದೆ.

ಆಮೇಲೆ ನನ್ನ ಚಾಳೀಸು ಹೆಚ್ಚಾಯಿತು. ಕನ್ನಡಕವಿದ್ದರೂ ಸಣ್ಣ ಅಕ್ಷರ ಇರುವೆ ಸಾಲಿನಂತೆ ಓಡತೊಡಗಿತು. ಪತ್ರಿಕೆಯನ್ನು ದೂರ ಹಿಡಿದೆ, ಇನ್ನೂ ದೂರ ಹಿಡಿದೆ, ಕೊನೆಗೆ ಕೈಯ ಉದ್ದವೇ ಮುಗಿಯಿತು. ಒಂದು ದಿನ ನಾನು ತಡವರಿಸುತ್ತಿದ್ದಾಗ ಮರಿಯಪ್ಪ ಪತ್ರಿಕೆಯನ್ನು ನನ್ನ ಕೈಯಿಂದ ಮೆಲ್ಲನೆ ತೆಗೆದುಕೊಂಡ.

ಮರಿಯಪ್ಪ ನಮ್ಮ ಎದುರು ಮನೆಯವನು. ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದು ನನ್ನ ವರ್ಷವೇ ನಿವೃತ್ತನಾದವನು. ಗಟ್ಟಿ ಆಳು, ಗಟ್ಟಿ ದನಿ, ಬೆಳ್ಳಗೆ ಒಗೆದ ಪಂಚೆ. ಅವನಿಗೂ ನನ್ನಂತೆಯೇ ಓದಲು ಕನ್ನಡಕ ಬೇಕಿತ್ತು. ಅಂದು ಜೇಬಿನಿಂದ ಕನ್ನಡಕ ತೆಗೆದವನು ಹಾಕಿಕೊಳ್ಳಲಿಲ್ಲ. ಒಮ್ಮೆ ಹಾಳೆಯನ್ನು ನೋಡಿದ, ಒಮ್ಮೆ ಕನ್ನಡಕವನ್ನು ನೋಡಿದ, ಕನ್ನಡಕ ಮಡಚಿ ಜೇಬಿಗೆ ಹಾಕಿದ. ಬರಿಗಣ್ಣಲ್ಲಿ ಮೊದಲ ಪುಟದಿಂದ ಕೊನೆಯ ಪುಟದ ಟೆಂಡರು ಪ್ರಕಟಣೆಯವರೆಗೆ ಓದಿಬಿಟ್ಟ.

"ಅರೆರೆ, ಇದೇನೋ ಮರಿಯಪ್ಪ! ಕಣ್ಣು ವಾಪಸ್ ಬಂತಾ?" ಎಂದ ಬೆಂಚಿನವರಲ್ಲೊಬ್ಬ.

"ನಂಗೂ ಗೊತ್ತಿಲ್ಲ ಕಣೋ. ಹದಿನೈದು ದಿನದಿಂದ ಹಿಂಗೇ. ಸೂಜಿಗೆ ದಾರ ಪೋಣಿಸ್ಕೊಡ್ತಾ ಇದೀನಿ ಗೌರಿಗೆ."

ಗೌರಿ ಎಂದರೆ ಅವನ ಹೆಂಡತಿ ಗೌರಮ್ಮ. ಅರವತ್ತೆರಡು ವರ್ಷದ ಗಂಡಸು ಹೆಂಡತಿಗೆ ಸೂಜಿ ಪೋಣಿಸಿಕೊಡುತ್ತಾನೆ ಎಂಬ ಸುದ್ದಿ ಬೀದಿಯ ಹೆಂಗಸರಲ್ಲಿ ಹಬ್ಬಲು ಅರ್ಧ ದಿನ ಸಾಕಾಯಿತು. ನನ್ನ ಹೆಂಡತಿ ಮಧ್ಯಾಹ್ನ ಹರಿದ ರವಿಕೆ ಹಿಡಿದುಕೊಂಡು ನನ್ನ ಮುಂದೆಯೇ ಎದುರು ಮನೆಗೆ ಹೋದಳು. ಸೂಜಿ ಪೋಣಿಸಿಕೊಂಡು ಬರಲು! ಆ ಕ್ಷಣ ನನ್ನ ಕಣ್ಣಲ್ಲಿ ಏನೋ ಹೊತ್ತಿಕೊಂಡಿತು.

ಗದ್ದುಗೆ ಹೋಯಿತು. ಮರಿಯಪ್ಪ ಬೆಂಚಿನ ಮಧ್ಯಕ್ಕೆ ಬಂದ, ನಾನು ಬೂತಿನ ಪಕ್ಕದ ತುದಿಗೆ ಸರಿದೆ. ಅಲ್ಲಿ ಕಾಗೆಗಳ ಕಾಟ. ಕಾಗೆಗೆ ಒಂದೇ ಕಣ್ಣುಗುಡ್ಡೆಯಂತೆ, ಅದನ್ನೇ ಆ ಕಡೆ ಈ ಕಡೆ ಸರಿಸಿ ನೋಡುತ್ತದಂತೆ ಎಂದು ಚಿಕ್ಕಂದಿನಲ್ಲಿ ನಮ್ಮಜ್ಜಿ ಹೇಳಿದ್ದಳು. ಒಂದೇ ಗುಡ್ಡೆ ಇಟ್ಟುಕೊಂಡು ಅದಕ್ಕೆ ಎಷ್ಟು ದೂರದ ವಡೆಯ ಚೂರು ಕಾಣುತ್ತದೆ! ಆ ದಿನಗಳಲ್ಲಿ ನನಗೆ ಕಾಗೆಯ ಮೇಲೂ ಅಸೂಯೆಯಿತ್ತು.

ಕಣ್ಣು ಮರಳಿ ಬಂದದ್ದರ ಗುಟ್ಟನ್ನು ಮರಿಯಪ್ಪ ಮುಚ್ಚಿಡಲಿಲ್ಲ. ವಾರಕ್ಕೆ ಮೂರು ದಿನ ಹೊನಗೊನೆ ಸೊಪ್ಪಿನ ಪಲ್ಯ, ನೆತ್ತಿಗೆ ಹರಳೆಣ್ಣೆ, ಬೆಳಿಗ್ಗೆ ಮುಚ್ಚಿದ ರೆಪ್ಪೆಗಳ ಮೇಲೆ ಒಂದೊಂದು ನಂದಿಬಟ್ಟಲ ಹೂವು. ಇಷ್ಟನ್ನೂ ಅವನು ಬೆಂಚಿನ ಮೇಲೆ ಕೂತು ಉಪದೇಶ ಮಾಡಿದ. ನಾನು ಆಕಳಿಸುತ್ತ, ಕೇಳಿಸಿಕೊಳ್ಳದವನಂತೆ, ಒಂದೊಂದನ್ನೂ ನೆನಪಿಟ್ಟುಕೊಂಡೆ.

ಹೊನಗೊನೆ ಸೊಪ್ಪನ್ನು ಮಾರುಕಟ್ಟೆಯಲ್ಲಿ ಕೊಂಡರೆ ಹೆಂಡತಿಗೆ ಗೊತ್ತಾಗುತ್ತದೆ, ಅವಳಿಗೆ ಗೊತ್ತಾದರೆ ಎದುರು ಮನೆಗೆ ಗೊತ್ತಾಗುತ್ತದೆ. ಹಾಗಾಗಿ ವಾಕಿಂಗಿನ ನೆಪದಲ್ಲಿ ಚಂದ್ರಾ ಲೇಔಟಿನ ಖಾಲಿ ಸೈಟುಗಳನ್ನು ದಾಟಿ ಶ್ರೀಗಂಧದ ಕಾವಲಿನ ಕಡೆ ನಡೆದೆ. ಅಲ್ಲೊಂದು ತೋಟದ ಕಾಲುವೆ ಬದಿಯಲ್ಲಿ ಅದೇ ತರಹದ ಎಲೆ ಕಂಡಿತು. ಗಿರಣಿಯಲ್ಲಿ ಅರ್ಧ ಎಳೆ ತಪ್ಪಿದ್ದನ್ನು ಹಿಡಿಯುತ್ತಿದ್ದ ಕಣ್ಣು ಸೊಪ್ಪು ಗುರುತಿಸುವಲ್ಲಿ ಸೋತಿತು. ನಾನು ಕಿತ್ತು, ಯಾರಿಗೂ ತಿಳಿಯದಂತೆ ಹಸಿಯಾಗಿಯೇ ತಿಂದದ್ದು ಹೊನಗೊನೆಯಲ್ಲ, ಅದರ ಯಾವುದೋ ದೂರದ ಸಂಬಂಧಿ. ಮುಂದಿನ ಎರಡು ದಿನ ನಾನು ಮನೆಯ ಹಿತ್ತಲಿಗೂ ಒಳಕ್ಕೂ ಎಷ್ಟು ಸಲ ನಡೆದೆನೆಂದರೆ, ಅದನ್ನೇ ನೇರವಾಗಿ ನಡೆದಿದ್ದರೆ ಕೆಂಗೇರಿ ಸೇರಬಹುದಿತ್ತು. ಕಣ್ಣಿನ ಉರಿ ಹೊಟ್ಟೆಗಿಳಿದದ್ದು ಹೀಗೆ.

ನಂದಿಬಟ್ಟಲಿನ ಪ್ರಯೋಗವೂ ಮಾನ ಉಳಿಸಲಿಲ್ಲ. ಹೆಂಡತಿ ಸ್ನಾನಕ್ಕೆ ಹೋದದ್ದನ್ನು ನೋಡಿ ನಡುಮನೆಯಲ್ಲಿ ಚಾಪೆ ಹಾಸಿ, ಉದ್ದಕ್ಕೆ ಮಲಗಿ, ಎರಡು ಕಣ್ಣಿಗೂ ಬಿಳಿ ಹೂವಿಟ್ಟುಕೊಂಡೆ. ತಂಪಿಗೆ ಹಾಗೇ ಜೋಂಪು ಹತ್ತಿತು. ಸ್ನಾನ ಮುಗಿಸಿ ಬಂದವಳು ನೋಡಿದ್ದು ನೆಲದ ಮೇಲೆ ಅಲುಗದೆ ಮಲಗಿದ, ಮುಖದ ಮೇಲೆ ಹೂವಿದ್ದ ಗಂಡನನ್ನು. ಅವಳ ಕೂಗಿಗೆ ಬೀದಿಯ ಅರ್ಧ ಜನ ಒಳಗೆ ಬಂದರು. ಮೊದಲು ಬಂದವನು ಮರಿಯಪ್ಪ.

"ಇನ್ನೂ ಇದೀಯೇನೋ?" ಎಂದು ಕೇಳಿದ, ಬಾಗಿ. ಆಮೇಲೆ ಹೂವು ನೋಡಿ ನಕ್ಕ. "ಕೇಳಿದ್ರೆ ನಾನೇ ನಮ್ಮ ಗಿಡದ್ದು ಕೊಡ್ತಿರ್ಲಿಲ್ವೇನೋ, ಕಳ್ಳ!"

ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದೇ ನನಗೆ ಹೆಚ್ಚು ಉರಿಸಿತು.

ಆ ತಿಂಗಳ ಕೊನೆಯ ಭಾನುವಾರ ಬಸವೇಶ್ವರನಗರದ ಒಂದು ಶಾಲೆಯಲ್ಲಿ ಉಚಿತ ಕಣ್ಣಿನ ಶಿಬಿರ ನಡೆಯಿತು. ನಾನು ಯಾರಿಗೂ ಹೇಳದೆ ಹೋದೆ. ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಚಿಕೊಂಡು ಕೂತ ಮುದುಕರ ಸಾಲು. ನನ್ನ ಸರದಿ ಬಂದಾಗ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಟಾರ್ಚು ಹಾಕಿ ನೋಡಿ, ಗೋಡೆಯ ಅಕ್ಷರಗಳನ್ನು ಓದಿಸಿ, "ಪೊರೆ ಏನಿಲ್ಲ ತಾತ. ವಯಸ್ಸಿನ ಚಾಳೀಸು ಅಷ್ಟೇ, ಗ್ಲಾಸಿನ ಪವರು ಬದಲಾಯಿಸ್ಬೇಕು" ಎಂದಳು.

ನಾನು ಏಳಲಿಲ್ಲ. ಕೇಳಿಯೇಬಿಟ್ಟೆ. "ನಮ್ಮ ಎದುರು ಮನೆಯವನು ನನ್ನ ವಯಸ್ಸಿನೋನೇ ಅಮ್ಮ. ಈಗ ಕನ್ನಡಕ ಇಲ್ದೇ ಪೇಪರ್ ಓದ್ತಾನೆ. ಅದ್ಯಾವ ಔಷಧೀಲಿ ಆಗುತ್ತೆ?"

ಅವಳು ಬರೆಯುವುದನ್ನು ನಿಲ್ಲಿಸಿದಳು. "ದೂರದ್ದು ಹೇಗೆ ಕಾಣುತ್ತೆ ಅವರಿಗೆ?"

"ಅದು ಗೊತ್ತಿಲ್ಲ."

"ತಾತ, ಅದು ಔಷಧಿಯಿಂದ ಆಗಿದ್ದಲ್ಲ. ಬಹುಶಃ ಪೊರೆ ಶುರುವಾಗಿದೆ. ಕಣ್ಣೊಳಗೆ ಒಂದು ಮಸೂರ ಇರುತ್ತೆ. ಅದು ಬಲಿತು ಗಟ್ಟಿಯಾಗ್ತಾ ಬಂದ್ರೆ ಕೆಲವರಿಗೆ ಸ್ವಲ್ಪ ದಿನ ಹತ್ತಿರದ್ದು ಬರಿಗಣ್ಣಲ್ಲೇ ಕಾಣುತ್ತೆ. ಕಣ್ಣು ವಾಪಸ್ ಬಂತು ಅಂತ ಖುಷಿಪಡ್ತಾರೆ. ಆದ್ರೆ ದೂರದ್ದು ಮಂಜಾಗುತ್ತೆ, ದೀಪದ ಸುತ್ತ ಬಳೆ ಬಳೆಯಾಗಿ ಕಾಣುತ್ತೆ, ಬಿಳೀದು ಹಳದಿಯಾಗುತ್ತೆ. ಆಮೇಲೆ ಹತ್ತಿರದ್ದೂ ಹೋಗುತ್ತೆ. ಅವರನ್ನ ತಪ್ಪದೆ ಕಳಿಸಿ."

ಅವಳು ಒಂದು ಚೀಟಿ ಬರೆದಳು. ಯಾವ ಆಸ್ಪತ್ರೆ, ಯಾವ ವಾರ, ಯಾವ ಕೊಠಡಿ ಎಲ್ಲ ಅದರಲ್ಲಿತ್ತು. "ಸೊಪ್ಪು ತಿನ್ಲಿ, ಒಳ್ಳೇದೇ. ಆದ್ರೆ ಪೊರೆ ಕರಗಿಸೋ ಸೊಪ್ಪು, ಎಣ್ಣೆ, ಡ್ರಾಪ್ಸು ಯಾವುದೂ ಇಲ್ಲ. ಬೀಡಿ ಸೇದ್ತಿದ್ರೆ ಬಿಡ್ಲಿ, ಸಕ್ಕರೆ ಕಾಯಿಲೆ ಇದೆಯಾ ನೋಡಿಸ್ಕೊಳ್ಲಿ, ಬಿಸಿಲಲ್ಲಿ ಕಣ್ಣಿಗೆ ಮರೆ ಇಟ್ಕೊಳ್ಲಿ. ಇದ್ರಿಂದ ಪೊರೆ ಬರೋದನ್ನ ತಡ ಮಾಡ್ಬಹುದು. ಬಂದಿದ್ದನ್ನ ಮಾತ್ರ ಆಪರೇಷನ್ ಮಾಡಿಯೇ ತೆಗೀಬೇಕು. ಅದಕ್ಕೇ ವರ್ಷಕ್ಕೊಂದ್ಸಲ ಕಣ್ಣು ತೋರಿಸ್ಬೇಕು, ಕಾಣ್ತಾ ಇದ್ರೂ ತೋರಿಸ್ಬೇಕು."

ಚೀಟಿಯನ್ನು ಮಡಚಿ, ಶಿಬಿರದಲ್ಲೇ ಕೊಟ್ಟ ಹೊಸ ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡೆ. ಮನೆಗೆ ನಡೆದು ಬರುವಾಗ ನನಗಾದದ್ದನ್ನು ಈಗ ಮುಚ್ಚಿಡುವುದಿಲ್ಲ. ಸಂತೋಷವಾಯಿತು. ಎರಡು ತಿಂಗಳ ಉರಿ ಒಮ್ಮೆಗೇ ತಣ್ಣಗಾಯಿತು. ಮರಿಯಪ್ಪನದು ವರವಲ್ಲ, ರೋಗ! ಆ ಗದ್ದುಗೆ ಸಾಲದ್ದು, ಮರಳಿ ಕೊಡಬೇಕಾದದ್ದು! ನಾಳೆ ಬೆಳಿಗ್ಗೆ ಹೇಳಿದರಾಯಿತು ಅಂದುಕೊಂಡೆ.

ಮರುದಿನ ಬೆಳಿಗ್ಗೆ ಅವನು ಬೆಂಚಿನ ಮಧ್ಯೆ ಕೂತು ಒಂದು ಇಡೀ ಪುಟದ ಮಂತ್ರಿಗಳ ಭಾಷಣವನ್ನು ಬರಿಗಣ್ಣಲ್ಲಿ ಓದಿದ. ಓದಿ ಮುಗಿಸಿ ನನ್ನ ಕಡೆ ತಿರುಗಿ, "ಹೊಸ ಗ್ಲಾಸೇನೋ? ಎಷ್ಟು ದಪ್ಪ ಇದೆ!" ಅಂದ. ಎಲ್ಲರೂ ನಕ್ಕರು. ಚೀಟಿ ಡಬ್ಬಿಯಲ್ಲೇ ಉಳಿಯಿತು.

ನಾಡಿದ್ದು ಅಂದುಕೊಂಡೆ. ನಾಡಿದ್ದು ವಾರವಾಯಿತು, ವಾರ ತಿಂಗಳಾಯಿತು. ಯಾವ ದಿನವೂ ನಾನು ಹೇಳುವುದಿಲ್ಲ ಎಂದು ನಿರ್ಧರಿಸಲಿಲ್ಲ. ದೊಡ್ಡ ತಪ್ಪುಗಳನ್ನು ನಮ್ಮಂಥ ಸಣ್ಣ ಜನ ಮಾಡುವುದು ಹೀಗೆಯೇ, ನಿರ್ಧಾರ ಮಾಡದೆ. ಒಳಗೆ ಒಂದು ಗುಟ್ಟಿನ ರುಚಿಯೂ ಇತ್ತು. ಅವನು ಜಂಬ ಕೊಚ್ಚಿದಾಗಲೆಲ್ಲ ನಾನು ಕನ್ನಡಕದ ಡಬ್ಬಿಯನ್ನು ಬೆರಳಿನಿಂದ ಸವರುತ್ತಿದ್ದೆ. ಕೊಚ್ಚಿಕೋ ಮಗನೇ, ನಿನ್ನ ವಿಷಯ ನಿನಗಿಂತ ನನಗೆ ಚೆನ್ನಾಗಿ ಗೊತ್ತು.

ನನ್ನ ಕಣ್ಣು ಈಗ ತನ್ನ ಹಳೆಯ ಕೆಲಸಕ್ಕೆ ಮರಳಿತು. ಡಾಕ್ಟರಮ್ಮ ಹೇಳಿದ ಒಂದೊಂದು ಲಕ್ಷಣವನ್ನೂ ಅವನಲ್ಲಿ ಹುಡುಕತೊಡಗಿದೆ. ಬೀದಿ ತುದಿಯಿಂದ ಬರುವವರನ್ನು ಅವನು ದನಿ ಕೇಳುವವರೆಗೆ ಮಾತಾಡಿಸುತ್ತಿರಲಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡುತ್ತಿದ್ದ. ಮಂಜಿಲ್ಲದ ಬೆಳಿಗ್ಗೆಯೂ "ಏನೋ ಇವತ್ತು ಮಂಜು" ಅನ್ನುತ್ತಿದ್ದ. ಗಾಜಿನ ಮೇಜಿನ ಮೇಲೆ ಬಟ್ಟೆ ಹರಿದಂತೆ ಮರಿಯಪ್ಪ ನನ್ನ ಕಣ್ಣ ಮುಂದೆ ಹರಿದು ಹೋಗುತ್ತಿದ್ದ. ಒಂದೊಂದು ತಪ್ಪೂ ಕಂಡಿತು. ನೂಲು ಮಾತ್ರ ನಾನು ಕಟ್ಟಲಿಲ್ಲ.

ಆಮೇಲೆ ಪಂಚೆಯ ಪ್ರಕರಣ. ಮರಿಯಪ್ಪನಿಗೆ ಪಂಚೆ ಹಾಲಿನಂತಿರಬೇಕು. ಇದ್ದಕ್ಕಿದ್ದಂತೆ ಅವನು ಹೆಂಡತಿಯ ಮೇಲೆ ರೇಗತೊಡಗಿದ. ಬಟ್ಟೆ ಹಳದಿಯಾಗಿದೆ, ನೀನು ನೀಲಿ ಹಾಕುವುದನ್ನೇ ಬಿಟ್ಟಿದ್ದೀಯ, ಮೈಗಳ್ಳತನ. ಪಾಪ, ಗೌರಮ್ಮ ಒಂದು ಚಿಟಿಕೆ ಹಾಕುತ್ತಿದ್ದ ನೀಲಿಯನ್ನು ಎರಡು ಚಿಟಿಕೆ ಮಾಡಿದರು. ಅವನಿಗೆ ಸಾಲದು. ಮೂರು ಮಾಡಿದರು. ಸಾಲದು. ಕೊನೆಗೊಂದು ಬೆಳಿಗ್ಗೆ ಮರಿಯಪ್ಪ ಆಕಾಶದ ತುಂಡೊಂದನ್ನು ಸೊಂಟಕ್ಕೆ ಸುತ್ತಿಕೊಂಡಂತೆ, ತಿಳಿನೀಲಿ ಪಂಚೆಯಲ್ಲಿ ಬೆಂಚಿಗೆ ಬಂದ. ಮುಖದಲ್ಲಿ ಸಮಾಧಾನ. "ಈಗ ನೋಡು, ಬಿಳೀ ಅಂದ್ರೆ ಇದು!" ಎಂದ.

ಬೆಂಚೆಲ್ಲ ನಕ್ಕಿತು. ಹಾಲಿನ ಬೂತಿನವನು ನಕ್ಕ. ಅವರಿಗೆ ಕಾರಣ ಗೊತ್ತಿರಲಿಲ್ಲ, ಅವರ ನಗುವಿಗೆ ಪಾಪವಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ಕಣ್ಣು ಹಳದಿಯಾದವನಿಗೆ ಅದನ್ನು ಹೇಳುವವರು ಯಾರು ಎಂಬುದಕ್ಕೆ ಗಾದೆಯಿಲ್ಲ. ನಾನೂ ನಕ್ಕೆ. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕೆ.

ಅಂದು ಸಂಜೆ ನನ್ನ ಹೆಂಡತಿ ಅಕ್ಕಿ ಆರಿಸುತ್ತ ಹೇಳಿದಳು: "ಆ ಗೌರಮ್ಮ ನಮ್ಮನೆ ಹಿತ್ತಲಲ್ಲಿ ಕೂತು ಅತ್ತರು ಕಣ್ರೀ. ಮೂವತ್ತೈದು ವರ್ಷದಿಂದ ಒಗೆದ ಕೈ ಇದು, ಈಗ ಮೈಗಳ್ಳಿ ಅನ್ನಿಸ್ಕೊಂಡೆ ಅಂತ. ನೀಲಿ ಹಾಕಿ ಹಾಕಿ ಬೆರಳ ಸಂದೆಲ್ಲ ನೀಲಿಯಾಗಿದೆ. ಆಯಪ್ಪಂಗೆ ಏನಾಗಿದೆ ಅಂತೀನಿ?"

ಏನಾಗಿದೆಯೆಂದು ನನಗೆ ಗೊತ್ತಿತ್ತು. ಡಬ್ಬಿ ನನ್ನ ಜೇಬಿನಲ್ಲೇ ಇತ್ತು. ಇಲ್ಲಿಯವರೆಗೆ ಗಂಡಸಿಗೂ ಗಂಡಸಿಗೂ ನಡುವಿನ ಆಟ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಆ ಹೆಂಗಸು ಯಾವ ಗದ್ದುಗೆಯನ್ನೂ ಕಿತ್ತುಕೊಂಡಿರಲಿಲ್ಲ. ಆದರೂ ನಾನು, "ವಯಸ್ಸಾಯ್ತಲ್ಲ, ಸಿಡುಕು" ಎಂದಷ್ಟೇ ಹೇಳಿ ರೇಡಿಯೋದ ಕಿವಿ ತಿರುಗಿಸಿದೆ.

ಮಾಘ ಮಾಸದಲ್ಲಿ ಅವನು ರಾಜಾಜಿನಗರಕ್ಕೆಂದು ಹೊರಟು ತಪ್ಪು ಬಸ್ಸು ಹತ್ತಿ ಕೆಂಗೇರಿಯಲ್ಲಿ ಇಳಿದ. ಬೋರ್ಡು ಕಾಣಲಿಲ್ಲವೆಂದು ಒಪ್ಪಿಕೊಳ್ಳಲಿಲ್ಲ, ಹಳೆಯ ಗೆಳೆಯನನ್ನು ನೋಡಲು ಹೋಗಿದ್ದೆ ಅಂದ. ಹತ್ತಿರದ ಅಕ್ಷರವೂ ಮಸುಕಾಗತೊಡಗಿತ್ತು. ಪತ್ರಿಕೆ ಅವನ ಮೂಗಿಗೆ ತಗಲುವಷ್ಟು ಹತ್ತಿರ ಬಂದಿತ್ತು. ಗೌರಮ್ಮನಿಗೆ ಈಗ ಬೇರೆ ಅನುಮಾನ ಬಂತು. ಅಷ್ಟು ಚೆನ್ನಾಗಿದ್ದ ಕಣ್ಣಿಗೆ ಯಾರದೋ ದೃಷ್ಟಿ ತಾಗಿದೆ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವ ಹೊತ್ತಿಗೆ ನಾನು ಅಲ್ಲೇ ಜಗಲಿಯಲ್ಲಿದ್ದೆ. ಮೆಣಸಿನಕಾಯಿ ಸುಟ್ಟರೂ ಘಾಟು ಬರದಿದ್ದರೆ ದೃಷ್ಟಿ ಬಿದ್ದಿದೆ ಎಂದು ಲೆಕ್ಕ. ಅಂದು ಘಾಟು ಬೀದಿಗೆಲ್ಲ ಬಂತು, ನಾನೇ ನಾಲ್ಕು ಸಲ ಕೆಮ್ಮಿದೆ. "ಯಾರ ಕಣ್ಣೂ ಬಿದ್ದಿಲ್ಲ ಬಿಡು" ಎಂದು ಮರಿಯಪ್ಪ ಹೆಂಡತಿಗೆ ಹೇಳಿದ. ಒಲೆಗೂ ಕೂಡ ನಾನು ಯಾರೆಂದು ತಿಳಿಯಲಿಲ್ಲ.

ಶಿವರಾತ್ರಿ ಕಳೆದು ನಾಲ್ಕನೆಯ ದಿನ ಮಧ್ಯಾಹ್ನ ಗೌರಮ್ಮ ಓಡಿಬಂದರು. ಮರಿಯಪ್ಪ ಬಲಗಣ್ಣು ಹಿಡಿದುಕೊಂಡು ಗೋಡೆಗೆ ತಲೆ ಒತ್ತಿ ನಿಂತಿದ್ದ. ಕಣ್ಣು ಕೆಂಡವಾಗಿತ್ತು. ಎರಡು ಸಲ ವಾಂತಿಯಾಗಿತ್ತು. "ಒಳಗಿಂದ ಯಾರೋ ಗುದ್ದಲೀಲಿ ಅಗೀತಾ ಇದಾರೆ ಕಣೋ" ಅಂದ. ಅಷ್ಟು ಗಟ್ಟಿ ಆಳು ನನ್ನ ತೋಳನ್ನು ಹಿಡಿದ ರೀತಿ ಈಗಲೂ ತೋಳಿನಲ್ಲಿದೆ.

ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಯಾವ ಆಸ್ಪತ್ರೆಗೆ ಎಂದು ಆಟೋದವನು ಕೇಳಿದಾಗ ನಾನು ಥಟ್ಟನೆ ಹೇಳಿದೆ. ಎಷ್ಟನೆಯ ಕೊಠಡಿ ಎಂಬುದೂ ನನಗೆ ಬಾಯಿಪಾಠವಾಗಿತ್ತು. ಏಳು ತಿಂಗಳು ಓದಿಕೊಂಡಿದ್ದೆನಲ್ಲ.

ಅಲ್ಲಿನ ಹಿರಿಯ ಡಾಕ್ಟರು ಹೊರಗೆ ಬಂದು ನಮ್ಮಿಬ್ಬರಿಗೆ ಹೇಳಿದರು. ಪೊರೆ ಮಾಗಿ, ಅದನ್ನೂ ಮೀರಿ ಹೋಗಿ, ಕಣ್ಣೊಳಗಿನ ಒತ್ತಡ ಏರಿಬಿಟ್ಟಿದೆ. ಒತ್ತಡ ಇಳಿಸಿ ಪೊರೆ ತೆಗೆಯುತ್ತೇವೆ, ನೋವು ಹೋಗುತ್ತದೆ. ಆದರೆ ಆ ಕಣ್ಣಿನ ನರಕ್ಕೆ ಪೆಟ್ಟಾಗಿದೆ, ಬೆಳಕು ಬಿಟ್ಟರೆ ಹೆಚ್ಚೇನೂ ಕಾಣಲಾರದು. ಎಡಗಣ್ಣು ಉಳಿಯುತ್ತದೆ. ಅದಕ್ಕೆ ಆಮೇಲೆ ಆಪರೇಷನ್ ಮಾಡೋಣ.

"ಒಂದಾರು ತಿಂಗಳು ಮೊದಲೇ ಯಾರಾದರೂ ಕರ್ಕೊಂಡು ಬಂದಿದ್ರೆ..." ಎಂದರು.

"ಯಾರಿಗೆ ಗೊತ್ತಿತ್ತು ಸ್ವಾಮಿ" ಎಂದು ಗೌರಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡರು. ಅವರ ಬೆರಳ ಸಂದಿಯಲ್ಲಿ ಇನ್ನೂ ನೀಲಿ ಇತ್ತು.

ಪೊರೆಯ ಆಪರೇಷನ್ ಎಂದರೆ ಒಂದು ಶಿಕ್ಷೆಯೇ. ತಲೆಯ ಎರಡು ಕಡೆ ಮರಳಿನ ಚೀಲ, ಕಣ್ಣಿಗೆ ಪಟ್ಟಿ, ಅಲುಗದೆ ಅಂಗಾತ ಮಲಗಬೇಕು. ಎರಡನೆಯ ದಿನ ಗೌರಮ್ಮ ಊಟಕ್ಕೆ ಹೋದಾಗ ನಾನು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದೆ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ಅವನಿಗೆ ನನ್ನ ಮುಖ ಕಾಣುವುದಿಲ್ಲ ಎಂಬ ಧೈರ್ಯದ ಮೇಲೆ, ಎಲ್ಲವನ್ನೂ ಹೇಳಿದೆ. ಶಿಬಿರ, ಡಾಕ್ಟರಮ್ಮ, ಚೀಟಿ, ಬೆಂಚು, ಪಂಚೆ, ನಗು. ತಪ್ಪೊಪ್ಪಿಗೆಯನ್ನೂ ಹೇಡಿಯಂತೆಯೇ ಮಾಡಿದೆ. ಡಬ್ಬಿಯಿಂದ ಚೀಟಿ ತೆಗೆದು ಅವನ ಅಂಗೈಯಲ್ಲಿಟ್ಟೆ. ಮಡಿಕೆಯಲ್ಲಿ ಹರಿಯುವಷ್ಟು ಸವೆದಿತ್ತು. ಅವನು ಅದನ್ನು ಹೆಬ್ಬೆರಳಿನಿಂದ ಬಹಳ ಹೊತ್ತು ಸವರಿದ.

"ಅಳಬಾರದು, ಕೆಮ್ಮಬಾರದು, ಕೂಗಾಡಬಾರದು, ಹೊಲಿಗೆ ಬಿಚ್ಚೋಗುತ್ತೆ ಅಂತ ಡಾಕ್ಟ್ರು ಹೇಳಿದಾರೆ" ಎಂದ ಕೊನೆಗೆ, ತುಟಿ ಮಾತ್ರ ಅಲುಗಿಸಿ. "ಹತ್ತು ದಿನ ಬಿಟ್ಟು ಮನೆಗೆ ಬಾ. ಬೈಬೇಕು ನಿನ್ನ."

ಹನ್ನೊಂದನೆಯ ದಿನ ಹೋದೆ. ಅವನು ಮಾತಿಗೆ ತಪ್ಪುವವನಲ್ಲ. ನಡುಮನೆಯಲ್ಲಿ ನನ್ನನ್ನು ನಿಲ್ಲಿಸಿ ಬೈದ. ಫಿಟ್ಟರುಗಳ ಬೈಗುಳ, ಬರೆಯುವಂಥದ್ದಲ್ಲ. ಗೌರಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ನಾನು ಅವರ ಕಡೆ ತಿರುಗಿ ಕೈ ಮುಗಿದೆ. ಅವರು ಒಳಗೆ ಹೋದರು. ನಾಲ್ಕು ತಿಂಗಳವರೆಗೆ ಆ ಮನೆಯಲ್ಲಿ ನನಗೆ ಕಾಫಿ ಬರಲಿಲ್ಲ. ಬರಬೇಕೆಂದು ನಾನು ಕಾಯಲೂ ಇಲ್ಲ.

ಬೈದು ದಣಿದ ಮೇಲೆ ಮರಿಯಪ್ಪ ಗೋಡೆಗೊರಗಿ ಕೂತು, "ಈಗ ಪೇಪರ್ ಓದು" ಅಂದ. "ಇನ್ನೊಂದು ಕಣ್ಣಿನ ಆಪರೇಷನ್ ಆಗಿ ಗ್ಲಾಸು ಬರೋವರ್ಗೂ ನೀನೇ ಓದ್ಬೇಕು. ಟೆಂಡರೂ ಬಿಡ್ಬಾರ್ದು."

ಹೀಗೆ ನನಗೆ ನನ್ನ ಗದ್ದುಗೆ ಮರಳಿ ಸಿಕ್ಕಿತು. ಒಬ್ಬನೇ ಕೇಳುಗ, ಅವನ ಕಣ್ಣಿಗೆ ಹಸಿರು ಬಟ್ಟೆಯ ಮರೆ. ಅಷ್ಟು ತಿಂಗಳು ಆಸೆಪಟ್ಟದ್ದು ಕೈಗೆ ಬಂದಾಗ ಅದರ ತೂಕ ತಡೆಯಲಾಗಲಿಲ್ಲ. ದಪ್ಪ ಗಾಜಿನ ಕನ್ನಡಕದ ಹಿಂದಿನಿಂದ ಒಂದೊಂದೇ ಅಕ್ಷರ ಹಿಡಿದು, ಟೆಂಡರು ಪ್ರಕಟಣೆಯ ಕೊನೆಯ ಸಾಲಿನವರೆಗೆ ಓದಿದೆ. ಆಷಾಢದಲ್ಲಿ ಅವನ ಎಡಗಣ್ಣಿನ ಆಪರೇಷನ್ ಆಯಿತು. ಸೋಡಾ ಬಾಟಲಿಯ ತಳದಂಥ ಕನ್ನಡಕ ಬಂತು. ಅದನ್ನು ಹಾಕಿಕೊಂಡು ಅವನು ಮೊದಲು ನೋಡಿದ್ದು ತನ್ನ ಪಂಚೆಯನ್ನು.

"ಗೌರೀ, ಇದೇನೇ ಇದು? ನೀಲಿ!"

ಒಳಗಿನಿಂದ ಗೌರಮ್ಮ ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ. ಅಂದು ನನಗೂ ಒಂದು ಲೋಟ ಕಾಫಿ ಬಂತು.

ಇದಾಗಿ ನಾಲ್ಕು ವರ್ಷವಾಯಿತು. ಆಮೇಲೆ ನಮ್ಮ ಬೆಂಚಿನವರನ್ನೆಲ್ಲ ವರ್ಷಕ್ಕೊಮ್ಮೆ ಕಣ್ಣಿನ ಶಿಬಿರಕ್ಕೆ ಎಳೆದುಕೊಂಡು ಹೋಗುವುದನ್ನು ಮರಿಯಪ್ಪನೇ ಕೈಗೆ ತೆಗೆದುಕೊಂಡಿದ್ದಾನೆ. ಎರಡು ವರ್ಷ ನಾನೂ ಹೋದೆ. ಮೂರನೆಯ ವರ್ಷ ಯಾರದೋ ಗೃಹಪ್ರವೇಶ, ನಾಲ್ಕನೆಯ ವರ್ಷ ಮಂಡಿನೋವು. ಕಾಣುತ್ತಿದೆಯಲ್ಲ ಅಂದುಕೊಂಡು ಬಿಟ್ಟೆ. ಎಲ್ಲ ತಿಳಿದವನು ಬಿಡುವುದು ಹೀಗೆಯೇ.

ಹೋದ ವಾರ ಒಂದು ಬೆಳಿಗ್ಗೆ ಕನ್ನಡಕ ಎಲ್ಲಿಟ್ಟೆನೆಂದು ಹುಡುಕುತ್ತಿದ್ದಾಗ, ಕೈಯಲ್ಲಿದ್ದ ಔಷಧಿ ಸೀಸೆಯ ಸಣ್ಣ ಅಕ್ಷರ ತಾನಾಗಿಯೇ ಓದಿಸಿಕೊಂಡಿತು. ಇನ್ನೊಮ್ಮೆ ಓದಿದೆ. ಪಂಚಾಂಗ ತೆಗೆದು ಓದಿದೆ. ಎಲ್ಲ ಕಂಡಿತು! ನಂಬುತ್ತೀರೋ ಇಲ್ಲವೋ, ಮೊದಲ ಕ್ಷಣ ನನಗೆ ಬಂದದ್ದು ಭಯವಲ್ಲ, ಜಂಬ. ಹೆಂಡತಿಯನ್ನು ಕರೆದು ಸೂಜಿ ತಾ ಅನ್ನಬೇಕೆನಿಸಿತು. ಎರಡನೆಯ ಕ್ಷಣದಲ್ಲಿ ಆ ಡಾಕ್ಟರಮ್ಮನ ಮಾತು ನೆನಪಾಗಿ ಪಂಚಾಂಗ ಮಡಚಿಟ್ಟೆ. ಆದರೂ ಮೂರು ದಿನ ಯಾರಿಗೂ ಹೇಳಲಿಲ್ಲ. ಇಷ್ಟು ವರ್ಷ ಅಸೂಯೆಪಟ್ಟ ವಸ್ತು ಕೊನೆಗೂ ನನ್ನ ಪಾಲಿಗೆ ಬಂದಿದೆ, ಮೂರು ದಿನವಾದರೂ ಅನುಭವಿಸೋಣ ಎಂಬ ದುರಾಸೆ.

ನಾಲ್ಕನೆಯ ದಿನ ಬೆಂಚಿನ ಮೇಲೆ ಕೂತು ಪತ್ರಿಕೆಯ ಒಂದು ಹಾಳೆ ಎತ್ತಿಕೊಂಡೆ. ಮರಿಯಪ್ಪ ಕಾಫಿ ಊದುತ್ತ ಪಕ್ಕದಲ್ಲಿದ್ದ.

"ಗ್ಲಾಸೆಲ್ಲೋ?"

"ಬೇಕು ಅನ್ನಿಸ್ಲಿಲ್ಲ."

ಅವನು ಲೋಟವನ್ನು ಬೆಂಚಿನ ಮೇಲಿಟ್ಟ. "ಏಳು."

"ಯಾಕೋ?"

"ಏಳೋ ಮೇಲೆ! ಬಸ್ಸಿಗೆ ಚಿಲ್ರೆ ಇದೆಯಾ? ಇವತ್ತು ಬೆಳಿಗ್ಗೆ ಹೊತ್ತು ಡಾಕ್ಟ್ರು ಇರ್ತಾರೆ."

"ಕಾಫಿ ಕುಡ್ಕೊಳೋ ಮಾರಾಯ, ಆರೋಗುತ್ತೆ."

"ಆರ್ಲಿ ಬಿಡು."

ಅಷ್ಟೇ. ಏಳು ತಿಂಗಳಲ್ಲಿ ನನ್ನ ಕೈಲಾಗದ್ದನ್ನು ಅವನು ಒಂದು ಲೋಟ ಕಾಫಿ ಆರುವಷ್ಟು ಹೊತ್ತೂ ತೆಗೆದುಕೊಳ್ಳದೆ ಮಾಡಿ ಮುಗಿಸಿದ. ಅದೂ ಒಂದೇ ಕಣ್ಣಿನಲ್ಲಿ ನೋಡಿ. ನನ್ನ ತೋಳು ಹಿಡಿದು ಬಸ್ ಸ್ಟಾಪಿಗೆ ಕರೆದೊಯ್ಯುವಾಗ ಅವನು ಹಳೆಯದನ್ನು ಎತ್ತಲಿಲ್ಲ. ಎತ್ತಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ನನ್ನದು ಈಗಷ್ಟೇ ಶುರುವಾದ ಪೊರೆಯಂತೆ, ಹೊತ್ತಿಗೆ ಸರಿಯಾಗಿ ಬಂದಿದ್ದೀರಿ, ಎರಡು ಕಣ್ಣೂ ಉಳಿಯುತ್ತವೆ ಎಂದು ಆಮೇಲೆ ಡಾಕ್ಟರು ಹೇಳಿದರು. ಎರಡೂ ಎಂದಾಗ ನಾನು ಮರಿಯಪ್ಪನ ಮುಖ ನೋಡಲಿಲ್ಲ.

ಆದರೆ ನಾನು ಹೇಳಬೇಕೆಂದಿದ್ದದ್ದು ಬಸ್ ಸ್ಟಾಪಿನ ವಿಷಯ. ದೂರದಲ್ಲಿ ಕೆಂಪಗೆ ಏನೋ ಬರುತ್ತಿತ್ತು. ನನಗೆ ಅದು ಬಸ್ಸೋ ಲಾರಿಯೋ ತಿಳಿಯಲಿಲ್ಲ. ಮರಿಯಪ್ಪ ಸೋಡಾ ಗಾಜನ್ನು ಮೂಗಿನ ಮೇಲೆ ಒತ್ತಿ, ಉಳಿದ ಒಂದು ಕಣ್ಣಿನಲ್ಲಿ ನೋಡಿ, ಅಷ್ಟು ದೂರದಿಂದಲೇ ನಂಬರು ಓದಿ, "ನಮ್ದೇ ಕಣೋ, ಹತ್ತು" ಅಂದ.

ಹತ್ತಿದೆ. ಅವನು ಕಿಟಕಿಯ ಪಕ್ಕದ ಸೀಟು ನನಗೆ ಬಿಟ್ಟುಕೊಟ್ಟ. ಪಶ್ಚಾತ್ತಾಪಪಟ್ಟವನು ಹೇಳಬಾರದ ಮಾತು, ಆದರೂ ಕಂಡ ತಪ್ಪಿಗೆ ನೂಲು ಕಟ್ಟಲೇಬೇಕು. ಅಷ್ಟು ದೂರದ ನಂಬರು ಅವನಿಗೆ ಕಂಡಿತಲ್ಲ ಎಂದು, ಆಸ್ಪತ್ರೆ ಬರುವವರೆಗೂ, ನನಗೆ ಹೊಟ್ಟೆಯಲ್ಲಿ ಸಣ್ಣಗೆ ಉರಿಯುತ್ತಲೇ ಇತ್ತು.